ಕಂದೂರಿಯ ಕುರಿ ಯಾರಿಗೆ?

ಹೈದರಾಬಾದಿನ ಲಿಂಗಂಪಲ್ಲಿ ರೈಲು ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬೀಳುವುದು ಹೊಸ ಸಂಗತಿಯಲ್ಲ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿತು. ಕಲಬುರಗಿ ಸೀಮೆ ಆಗ ನಿಜಾಮರ ರಾಜ್ಯದ ಭಾಗವೇ ಆಗಿತ್ತು. 1956ರಲ್ಲಿ ಆ ರಾಜ್ಯ ಮೂರು ಪಾಲಾದ ಮೇಲೂ ಹಳಿ ಇದ್ದಲ್ಲೇ ಇತ್ತು, ಜನ ಬರುವುದೂ ನಿಲ್ಲಲಿಲ್ಲ. ಇಂದು ಲಿಂಗಂಪಲ್ಲಿಯ ಆಚೀಚೆ ಗಾಜಿನ ಕಟ್ಟಡಗಳು ಏಳುತ್ತಿರುವ ಕಡೆ ಕಬ್ಬಿಣ ಕಟ್ಟುವವರು, ಕಾಂಕ್ರೀಟು ಹೊರುವವರು, ಕಾವಲು ಕಾಯುವವರ ನಡುವೆ ಬೀದರ, ಕಲಬುರಗಿ, ಯಾದಗಿರಿ ಕಡೆಯವರು ಸಿಗುತ್ತಾರೆ. ಊರಿಂದ ಅವರು ಗಂಟುಮೂಟೆಯ ಜೊತೆ ಹರಕೆಗಳನ್ನೂ ಹೊತ್ತು ಬರುತ್ತಾರೆ.

ಆ ಹರಕೆಗಳಲ್ಲಿ ಒಂದರ ಹೆಸರು ಕಂದೂರಿ. ಮಗುವಿಗೆ ಹಿಡಿದ ಜ್ವರ ಬಿಟ್ಟರೆ, ಕಳೆದುಹೋದ ಎತ್ತು ಸಿಕ್ಕರೆ, ಬಹಳ ದಿನದ ಮೇಲೆ ಮನೆಯಲ್ಲಿ ತೊಟ್ಟಿಲು ಕಟ್ಟಿದರೆ ಇಂಥ ಪೀರರ ದರ್ಗಾದಲ್ಲಿ ಕಂದೂರಿ ಮಾಡುತ್ತೇವೆ ಎಂದು ಬೇಡಿಕೊಳ್ಳುತ್ತಾರೆ. ಬೇಡಿದ್ದು ಆದ ಮೇಲೆ ಕುರಿಯನ್ನು ದರ್ಗಾಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಮುಲ್ಲಾ ಬಂದು ಬಿಸ್ಮಿಲ್ಲಾ ಹೇಳಿ ಕೊಯ್ಯುತ್ತಾರೆ. ಅಲ್ಲೇ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಾರೆ. ಊದು ಹಾಕಿ, ಅನ್ನ ಸಾರಿನ ಮುಂದೆ ಫಾತಿಹಾ ಓದಿಸುತ್ತಾರೆ. ಕಲ್ಯಾಣ ಕರ್ನಾಟಕದ ಮಾತಿನಲ್ಲಿ ಅದಕ್ಕೆ ‘ಓದಿಕೆ’ ಎಂದೇ ಹೆಸರು. ಫಕೀರರಿಗೂ ಮುಜಾವರರಿಗೂ ಒಂದು ಪಾಲು ತೆಗೆದಿಟ್ಟು, ಉಳಿದದ್ದನ್ನು ಬಂಧುಬಳಗ, ಗೆಳೆಯರು, ದಾರಿಹೋಕರು ಎಲ್ಲ ಕೂತು ಉಣ್ಣುತ್ತಾರೆ. ಹರಕೆ ಹೊತ್ತವರು ಮುಸ್ಲಿಮರೇ ಆಗಿರಬೇಕೆಂದಿಲ್ಲ. ಎಷ್ಟೋ ದರ್ಗಾಗಳಲ್ಲಿ ಕುರಿ ತರುವವರಲ್ಲಿ ಹಿಂದೂಗಳೂ ಇರುತ್ತಾರೆ.

ತೆಲಂಗಾಣದ ತೆಲುಗಿನಲ್ಲಿ ಇದೇ ಆಚರಣೆ ‘ಕಂದೂರು’. ಬೆಂಗಳೂರು ಹೆದ್ದಾರಿಯ ಕೊತ್ತೂರಿನ ಬಳಿ, ಇನ್ಮುಲ್‌ನರ್ವದಲ್ಲಿರುವ ಜಹಾಂಗೀರ್ ಪೀರ್ ದರ್ಗಾ ಇದಕ್ಕೆ ಹೆಸರಾದದ್ದು. ಗುರುವಾರ ಬಂತೆಂದರೆ ಅಲ್ಲಿ ಒಲೆಗಳ ಹೊಗೆ. 2017ರಲ್ಲಿ ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ಪ್ರತ್ಯೇಕ ರಾಜ್ಯ ಸಿಕ್ಕಿದ್ದಕ್ಕೆ ತಿರುಪತಿಗೆ ಚಿನ್ನದ ಒಡವೆ ಒಪ್ಪಿಸಿದರು, ಅದೇ ವರ್ಷ ಈ ದರ್ಗಾಕ್ಕೂ ಬಂದು ಹರಕೆ ತೀರಿಸಿದರು. ಲಿಂಗಂಪಲ್ಲಿಯ ಕನ್ನಡ ಕೂಲಿಗೆ ಊರಿನ ಪೀರ ದೂರವಾದರೆ ಜಹಾಂಗೀರ್ ಪೀರ್ ಹತ್ತಿರ. ಪದವೂ ಒಂದೇ, ಪದ್ಧತಿಯೂ ಒಂದೇ.

ಈಚೆಗೆ ಈ ಊಟದ ಸುತ್ತ ಒಂದು ಮುಜುಗರ ಹುಟ್ಟಿಕೊಂಡಿದೆ. ಹಿಂದೂ ಕುಟುಂಬ ಕಂದೂರಿ ಮಾಡಿ ಜೊತೆಗೆ ಕೆಲಸ ಮಾಡುವ ಮುಸ್ಲಿಂ ಸ್ನೇಹಿತನನ್ನು ಕರೆಯುತ್ತದೆ. ಅವನು ಬರುತ್ತಾನೆ, ತಟ್ಟೆ ಮುಟ್ಟುವುದಿಲ್ಲ. ಅಥವಾ ಮುಸ್ಲಿಂ ಮನೆಯಲ್ಲೇ ಅಜ್ಜಿ ಹೊತ್ತ ಹರಕೆಯನ್ನು ಮದರಸಾದಲ್ಲಿ ಓದಿ ಬಂದ ಮೊಮ್ಮಗ ಬೇಡವೆನ್ನುತ್ತಾನೆ. ‘ಇದು ಶಿರ್ಕ್, ಅಲ್ಲಾಹನಿಗೆ ಸಲ್ಲಬೇಕಾದ್ದನ್ನು ಬೇರೆಯವರಿಗೆ ಕೊಟ್ಟಂತೆ’ ಎಂಬುದು ಅವನ ವಾದ. ‘ಮೂರು ತಲೆಮಾರಿನಿಂದ ನಡೆದದ್ದು ಈಗ ಹೇಗೆ ತಪ್ಪಾಯಿತು’ ಎಂಬುದು ಅಜ್ಜಿಯ ಪ್ರಶ್ನೆ. ಹೊರಗಿನಿಂದ ನೋಡುವವರಿಗೆ ಇದು ಧರ್ಮಶಾಸ್ತ್ರಕ್ಕೂ ಜನಪದಕ್ಕೂ ನಡೆಯುವ ಜಗಳದಂತೆ ಕಾಣುತ್ತದೆ. ಆದರೆ ಶಾಸ್ತ್ರದ ಪುಟ ತೆರೆದರೆ ಅಲ್ಲಿ ಒಂದೇ ದನಿ ಇಲ್ಲ. ಇರುವುದು ಮೂರು ಪ್ರಶ್ನೆಗಳು: ಹರಕೆ ಯಾರಿಗೆ? ಕುರಿಯ ಮೇಲೆ ಹೇಳಿದ ಹೆಸರು ಯಾರದು? ಉಂಡವರು ಯಾರು? ಜಗಳವೆಲ್ಲ ಮೊದಲ ಎರಡರ ಮೇಲೆ. ಮೂರನೆಯದು ಹೆಚ್ಚು ಜನರಿಗೆ ನೆನಪಾಗುವುದಿಲ್ಲ.

ಊಟದ ಬಟ್ಟೆಯ ಪಯಣ

ಶಾಸ್ತ್ರಕ್ಕೆ ಹೋಗುವ ಮುಂಚೆ ಪದವನ್ನು ನೋಡಬೇಕು. ‘ಕಂದೂರಿ’ ಪಾರಸಿ ಮಾತು. ಪಾರಸಿ ನಿಘಂಟುಗಳಲ್ಲಿ ಅದರ ಮೊದಲ ಅರ್ಥ ಊಟಕ್ಕೆ ಹಾಸುವ ಬಟ್ಟೆ, ಚರ್ಮದ್ದು ಅಥವಾ ನಾರಿನದು. ಮುಂದೆ ಆ ಬಟ್ಟೆಯ ಮೇಲಿನ ಊಟಕ್ಕೇ ಅದು ಹೆಸರಾಯಿತು. ಭಾರತದಲ್ಲಿ ಪ್ರವಾದಿ ಮುಹಮ್ಮದರ ಮಗಳು ಫಾತಿಮಾರ ಹೆಸರಿನಲ್ಲಿ ಹೆಂಗಸರು ಮಾಡುವ ‘ಬೀಬಿ ಕೀ ಕಂದೂರಿ’ ಎಂಬ ಊಟ ಬಂತು. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕಾನೂನ್-ಎ-ಇಸ್ಲಾಂ’ ದಕ್ಷಿಣ ಭಾರತದ ಮುಸ್ಲಿಮರ ಹುಟ್ಟು, ಮದುವೆ, ಮೊಹರಂ, ಹರಕೆಗಳನ್ನು ಒಂದೊಂದಾಗಿ ವಿವರಿಸುತ್ತದೆ. ಬರೆದವರು ಜಾಫರ್ ಶರೀಫ್, ಬರೆಸಿ ಇಂಗ್ಲಿಷಿಗೆ ತಂದವರು ಮದ್ರಾಸು ಸರ್ಕಾರದ ವೈದ್ಯ ಹರ್ಕ್ಲಾಟ್ಸ್. ಪುಸ್ತಕದ ಹೆಸರಿನ ಅರ್ಥ ಇಸ್ಲಾಮಿನ ಕಾನೂನು, ಒಳಗಿರುವುದು ಬಹುಮಟ್ಟಿಗೆ ದಕ್ಖನ್ನಿನ ಮನೆಗಳ ರೂಢಿ. ಎರಡರ ನಡುವೆ ಗೆರೆ ಎಳೆಯುವ ಅಗತ್ಯ ಆಗಿನ್ನೂ ಎಲ್ಲರಿಗೂ ಕಂಡಿರಲಿಲ್ಲ.

ಪದ ಅಲ್ಲಿಗೇ ನಿಲ್ಲಲಿಲ್ಲ. ತಮಿಳುನಾಡಿನ ನಾಗೂರಿನಲ್ಲಿ ಶಾಹುಲ್ ಹಮೀದರ ದರ್ಗಾದ ವರ್ಷದ ಉತ್ಸವಕ್ಕೆ ‘ಕಂದೂರಿ’ ಎಂದೇ ಹೆಸರು. ಸಮುದ್ರ ದಾಟಿದರೆ ಮಲಯ ಭಾಷೆಯಲ್ಲಿ ‘ಕೆಂದೂರಿ’ ಎಂದರೆ ಮದುವೆ, ಮರಣ, ಹೊಸಮನೆ, ಪರೀಕ್ಷೆಯಲ್ಲಿ ಪಾಸು, ಹೀಗೆ ಯಾವುದಕ್ಕಾದರೂ ನೆರೆಯವರನ್ನು ಕರೆದು ಪ್ರಾರ್ಥನೆ ಓದಿ ಊಟ ಹಾಕುವುದು. ಕೃತಜ್ಞತೆಗಾಗಿಯೇ ಮಾಡುವ ಕೆಂದೂರಿಗೆ ಅಲ್ಲಿ ಬೇರೆ ಹೆಸರೇ ಇದೆ. ಸುಮಾತ್ರಾದ ಆಚೆಯ ಕಂದೂರಿಗಳನ್ನು ಡಚ್ ವಿದ್ವಾಂಸ ಸ್ನೌಕ್ ಹುರ್ಗ್ರೋನ್ಯೆ 1890ರ ದಶಕದಲ್ಲೇ ವಿವರವಾಗಿ ಬರೆದಿಟ್ಟರು. ದಕ್ಷಿಣ ಭಾರತದ ಮುಸ್ಲಿಂ ವರ್ತಕರ ಹಡಗುಗಳಲ್ಲೇ ಪದ ಅತ್ತ ಹೋಗಿರಬೇಕು ಎಂದು ಊಹಿಸಲು ಕಾರಣಗಳಿವೆ. ಅಂದರೆ ಲಿಂಗಂಪಲ್ಲಿಯ ಕೂಲಿಯೂ ಕ್ವಾಲಾಲಂಪುರದ ಗುಮಾಸ್ತನೂ ಒಂದೇ ಬಟ್ಟೆಯ ಎರಡು ಅಂಚಿನಲ್ಲಿ ಕೂತು ಉಣ್ಣುತ್ತಿದ್ದಾರೆ. ಇಬ್ಬರ ಮನೆಯ ಹುಡುಗರೂ ಒಂದೇ ಪ್ರಶ್ನೆ ಕೇಳುತ್ತಾರೆ: ಇದು ಸರಿಯೇ?

ಹೊತ್ತ ಮೇಲೆ ತೀರಿಸಬೇಕು

ಅರಬ್ಬಿಯಲ್ಲಿ ಹರಕೆಗೆ ‘ನಜ್ರ್’. ತನ್ನ ಮೇಲೆ ಕಡ್ಡಾಯವಲ್ಲದ್ದನ್ನು ತಾನೇ ಕಡ್ಡಾಯ ಮಾಡಿಕೊಳ್ಳುವುದು ಎಂದು ನ್ಯಾಯವಿದರು ಅದನ್ನು ವಿವರಿಸುತ್ತಾರೆ. ಕುರಾನಿನ 76ನೇ ಅಧ್ಯಾಯದ 7ನೇ ವಚನ ಹರಕೆ ತೀರಿಸುವವರನ್ನು ಸಜ್ಜನರ ಸಾಲಿನಲ್ಲಿ ನಿಲ್ಲಿಸುತ್ತದೆ. ಆದರೆ ಬುಖಾರಿಯ ಹದೀಸ್ ಸಂಗ್ರಹದಲ್ಲಿ ಇನ್ನೊಂದು ಮಾತಿದೆ. ಹರಕೆಯಿಂದ ಆಗಬೇಕಾದ್ದು ಹಿಂದುಮುಂದಾಗುವುದಿಲ್ಲ, ಜಿಪುಣನ ಕೈಯಿಂದ ಒಂದಿಷ್ಟು ಹೊರಗೆ ಬರುತ್ತದೆ ಅಷ್ಟೆ ಎಂಬ ಅರ್ಥದ್ದು. ಎರಡನ್ನೂ ಒಟ್ಟಿಗೆ ಓದಿದ ನ್ಯಾಯವಿದರಲ್ಲಿ ಹಲವರು ನಡುವಿನ ದಾರಿ ಹಿಡಿದರು. ‘ಇದಾದರೆ ಅದು ಕೊಡುತ್ತೇನೆ’ ಎಂದು ದೇವರ ಜೊತೆ ಚೌಕಾಸಿ ಮಾಡುವುದು ಮೆಚ್ಚತಕ್ಕದ್ದಲ್ಲ, ಆದರೆ ಹೊತ್ತ ಮೇಲೆ ತೀರಿಸಲೇಬೇಕು. ಇನ್ನೊಂದು ನಿಯಮದ ಬಗ್ಗೆ ತಕರಾರಿಲ್ಲ: ಪಾಪದ ಕೆಲಸಕ್ಕೆ ಹೊತ್ತ ಹರಕೆಯನ್ನು ತೀರಿಸಕೂಡದು.

ಹೈದರಾಬಾದಿನ ಅತ್ಯಂತ ಹೆಸರಾಂತ ಹರಕೆಯನ್ನು ಈ ಅಳತೆಗೋಲಿನಿಂದ ನೋಡಬಹುದು. ಕುತುಬ್ ಶಾಹಿ ರಾಜಕುಮಾರ ಅಬ್ದುಲ್ಲಾನನ್ನು ಮದವೇರಿದ ಆನೆಯೊಂದು ಬೆನ್ನ ಮೇಲೆ ಹೊತ್ತು ಕಾಡಿಗೆ ನುಗ್ಗಿತು ಎಂಬುದು ಕಥೆ. ಮಗ ಜೀವಂತ ಮರಳಿದರೆ ಆನೆಯ ಕಾಲಸರಪಳಿಯ ತೂಕಕ್ಕೆ ಚಿನ್ನದ ಸರಪಳಿ ಮಾಡಿಸಿ ಹುಸೇನಿ ಅಲಂಗೆ ಒಯ್ದು ಬಡವರಿಗೆ ಹಂಚುತ್ತೇನೆಂದು ತಾಯಿ ಹಯಾತ್ ಬಕ್ಷಿ ಬೇಗಂ ಹರಕೆ ಹೊತ್ತಳು. ಮಗ ಮರಳಿದ. 1626ರಿಂದ 1672ರವರೆಗೆ ಗೋಲ್ಕೊಂಡದ ಸುಲ್ತಾನನಾಗಿಯೂ ಆಳಿದ. ಸರಪಳಿಗೆ ಪಾರಸಿಯಲ್ಲಿ ಲಂಗರ್ ಎನ್ನುತ್ತಾರೆ. ಮೊಹರಂ ತಿಂಗಳ ಐದನೆಯ ದಿನದ ಲಂಗರ್ ಮೆರವಣಿಗೆ ಆ ಹರಕೆಯ ನೆನಪಾಗಿ ಬಂತು. ಚಿನ್ನ ಬಡವರ ಕೈ ಸೇರಿತು ಎಂಬಲ್ಲಿಗೆ ಅದು ನ್ಯಾಯವಿದರು ಒಪ್ಪುವ ಹರಕೆಯೇ. ಆದರೆ ಅಸಫ್ ಜಾಹಿ ನಿಜಾಮರ ಕಾಲಕ್ಕೆ ಲಂಗರ್ ಎಂದರೆ ಅರಬರು, ರೋಹಿಲ್ಲರು, ಪಾಯಗಾ ದಳಗಳು ಸಾಲುಗಟ್ಟಿ ಸಾಗುವ ಸೈನ್ಯದ ಪ್ರದರ್ಶನ. ಬಡವರ ಪಾಲು ಹಿಂದೆ ಸರಿಯಿತು, ಕತ್ತಿ ಕುದುರೆ ಮುಂದೆ ಬಂದವು. ಆ ಮೆರವಣಿಗೆ ಈಗಿಲ್ಲ. ರಾಜರಿಲ್ಲದ, ಸೈನ್ಯವಿಲ್ಲದ ಕಂದೂರಿ ಉಳಿದಿದೆ.

ಒಂದು ವಿಭಕ್ತಿಯ ಮೇಲೆ ನಿಂತ ತೀರ್ಪು

ಈಗ ಮೊದಲ ಪ್ರಶ್ನೆ: ಹರಕೆ ಯಾರಿಗೆ? ನಜ್ರ್ ಒಂದು ಆರಾಧನೆ, ಆರಾಧನೆ ಅಲ್ಲಾಹನೊಬ್ಬನಿಗೇ ಸಲ್ಲತಕ್ಕದ್ದು, ಆದ್ದರಿಂದ ಬೇರೆ ಯಾರಿಗೂ ನಜ್ರ್ ಇಲ್ಲ. ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಷ್ಟ ಶುರುವಾಗುವುದು ಜನ ಬಾಯಲ್ಲಿ ಆಡುವ ವಾಕ್ಯವನ್ನು ಹೇಗೆ ಓದಬೇಕು ಎಂಬಲ್ಲಿ.

ಔರಂಗಜೇಬನ ಆಜ್ಞೆಯ ಮೇಲೆ 17ನೇ ಶತಮಾನದ ಉತ್ತರಾರ್ಧದಲ್ಲಿ ಸಂಕಲನಗೊಂಡ ‘ಫತಾವಾ-ಎ-ಆಲಂಗೀರಿ’ ಹನಫಿ ಪಂಥದ ದೊಡ್ಡ ಕಾನೂನು ಗ್ರಂಥ. ದಕ್ಖನ್ನಿನ ಸುನ್ನಿಗಳಲ್ಲಿ ಹೆಚ್ಚಿನವರು ಹನಫಿಗಳೇ. ಆ ಗ್ರಂಥ ಈ ಪ್ರಶ್ನೆಯನ್ನು ಎತ್ತಿಕೊಂಡು, 15ನೇ ಶತಮಾನದ ಕೈರೋ ನಗರದ ನ್ಯಾಯವಿದ ಕಾಸಿಂ ಇಬ್ನ್ ಕುತ್ಲೂಬುಗಾನಿಂದ ಹರಿದುಬಂದ ಒಂದು ಮಾತನ್ನು ನಮೂದಿಸುತ್ತದೆ. ಅದರ ಸಾರಾಂಶ ಇದು. ಸಾಮಾನ್ಯ ಜನ ಯಾವುದೋ ಪುಣ್ಯಪುರುಷನ ಗೋರಿಗೆ ಹೋಗಿ, ಚಾದರ ಎತ್ತಿ, ‘ಸ್ವಾಮಿ, ನನ್ನ ಕೆಲಸ ಮಾಡಿಕೊಡು, ನಿನಗೆ ಇಷ್ಟು ಚಿನ್ನ ಕೊಡುತ್ತೇನೆ’ ಎನ್ನುತ್ತಾರಲ್ಲ, ಆ ಹರಕೆ ಅಸಿಂಧು. ಆದರೆ ‘ದೇವರೇ, ನನ್ನ ರೋಗಿಯನ್ನು ಗುಣಮಾಡಿದರೆ ಇಂಥ ಪುಣ್ಯಪುರುಷರ ಬಾಗಿಲಲ್ಲಿರುವ ಬಡವರಿಗೆ ಉಣಿಸುತ್ತೇನೆ’ ಎಂದರೆ, ಅಥವಾ ಅಲ್ಲಿನ ಮಸೀದಿಗೆ ಚಾಪೆ, ದೀಪದ ಎಣ್ಣೆ ಕೊಡುತ್ತೇನೆ ಎಂದರೆ, ಅದು ಸಿಂಧು. ಅಲ್ಲಿ ಹರಕೆ ದೇವರದು. ಪುಣ್ಯಪುರುಷರ ಹೆಸರು ಬಂದದ್ದು ಅದು ಖರ್ಚಾಗುವ ಜಾಗವನ್ನು ಗುರುತಿಸಲು ಮಾತ್ರ.

ಅಂದರೆ ತೀರ್ಪು ನಿಂತಿರುವುದು ವ್ಯಾಕರಣದ ಮೇಲೆ. ಕನ್ನಡದಲ್ಲಿ ಈ ತೊಡಕು ಇನ್ನೂ ಚೆನ್ನಾಗಿ ಕಾಣುತ್ತದೆ. ಚತುರ್ಥಿ ವಿಭಕ್ತಿಯ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. ‘ಮಗನಿಗೆ ಅಂಗಿ ತಂದೆ’ ಎಂದಾಗ ಅದು ಪಡೆಯುವವನನ್ನು ತೋರಿಸುತ್ತದೆ, ‘ಕಲಬುರಗಿಗೆ ಹೋದೆ’ ಎಂದಾಗ ತಲಪುವ ಜಾಗವನ್ನು. ಹಾಗಾದರೆ ‘ಜಹಾಂಗೀರ್ ಪೀರಿಗೆ ಕುರಿ ಬಿಟ್ಟಿದ್ದೇವೆ’ ಎಂಬ ವಾಕ್ಯದಲ್ಲಿ ಪೀರರು ಪಡೆಯುವವರೋ, ಕುರಿ ತಲಪುವ ಜಾಗವೋ? ವಾಕ್ಯ ಹೇಳಿದ ಅಜ್ಜಿಗೆ ಈ ವ್ಯತ್ಯಾಸ ಮುಖ್ಯವಲ್ಲ. ‘ಕೊಡುವವನು ಮೇಲಿದ್ದಾನೆ, ಪೀರರು ಕೊಡಿಸುತ್ತಾರೆ’ ಎಂಬ ಒಂದೇ ಮಾತಿನಲ್ಲಿ ಅವಳು ಎರಡನ್ನೂ ಮುಗಿಸುತ್ತಾಳೆ. ಕೈರೋದ ನ್ಯಾಯವಿದನಿಗೆ ಸ್ವರ್ಗ ನರಕದ ಅಂತರ ಇರುವುದೇ ಅಲ್ಲಿ.

‘ಹರಕೆ’ ಎಂಬ ಪದವೂ ಇಂಥದ್ದೇ. ‘ಹರಸು’ ಎಂಬುದರ ಬಳಗದ ಈ ಮಾತು ಮನುಷ್ಯ ದೇವರಿಗೆ ಒಪ್ಪಿಸುವುದಕ್ಕೂ ಹೆಸರು, ಹಿರಿಯರಿಂದ ಪಡೆಯುವ ಆಶೀರ್ವಾದಕ್ಕೂ ಹೆಸರು. ಕೊಡುವುದೂ ಪಡೆಯುವುದೂ ಒಂದೇ ಪದದಲ್ಲಿ ಕೂಡಿಕೊಂಡಿವೆ. ನಜ್ರ್ ಎಂಬುದು ತನ್ನನ್ನು ತಾನು ಕಟ್ಟಿಹಾಕಿಕೊಳ್ಳುವ ಮಾತು, ಕರಾರಿನ ಮಾತು. ಹರಕೆ ಸಂಬಂಧದ ಮಾತು. ಒಂದನ್ನು ಇನ್ನೊಂದರಿಂದ ಅನುವಾದಿಸಿದಾಗ ಅಜ್ಜಿ ಆಡದ ವಾಕ್ಯವೊಂದು ಅವಳ ಬಾಯಿಗೆ ಬಂದು ಕೂರುತ್ತದೆ.

ಪೀರರ ಪರ ವಹಿಸಿದ ವಿದ್ವಾಂಸರು ಇದನ್ನು ಬೇರೆ ದಾರಿಯಿಂದ ಹೇಳಿದರು. ಜನ ನಜ್ರ್ ಎನ್ನುವುದು ಶಾಸ್ತ್ರದ ನಜ್ರ್ ಅಲ್ಲ, ರೂಢಿಯ ನಜ್ರ್, ಹಿರಿಯರಿಗೆ ಗೌರವದಿಂದ ಒಪ್ಪಿಸುವ ಕಾಣಿಕೆ ಎಂಬುದು ಅವರ ವಾದ. ಈ ಅರ್ಥ ದಕ್ಖನ್ನಿನವರಿಗೆ ಅಪರಿಚಿತವಲ್ಲ. ನಿಜಾಮರ ದರ್ಬಾರಿನಲ್ಲಿ ಅಂಗೈ ಮೇಲೆ ಬಟ್ಟೆ ಹಾಸಿ ಚಿನ್ನದ ನಾಣ್ಯ ಹಿಡಿದು ಒಪ್ಪಿಸುತ್ತಿದ್ದುದಕ್ಕೂ ನಜ್ರ್ ಎಂದೇ ಹೆಸರು. ಕನ್ನಡದ ‘ನಜರಾಣೆ’ ಬಂದದ್ದೂ ಅಲ್ಲಿಂದ. ನಿಜಾಮರಿಗೆ ನಜ್ರ್ ಕೊಟ್ಟವರು ಯಾರೂ ನಿಜಾಮರನ್ನು ಆರಾಧಿಸುತ್ತಿರಲಿಲ್ಲ.

ಕತ್ತಿಯ ಹೊತ್ತಿನ ಹೆಸರು

ಎರಡನೆಯ ಪ್ರಶ್ನೆ ಕುರಿಯದು. ಕುರಾನು ನಿಷೇಧಿಸುವ ಆಹಾರಗಳಲ್ಲಿ ಸತ್ತ ಪ್ರಾಣಿ, ರಕ್ತ, ಹಂದಿಯ ಜೊತೆಗೆ ಅಲ್ಲಾಹನಲ್ಲದವರ ಹೆಸರು ಕೂಗಲಾದ ಪ್ರಾಣಿಯೂ ಸೇರಿದೆ. ಎರಡನೇ ಅಧ್ಯಾಯದ 173ನೇ ವಚನವೂ ಇನ್ನೂ ಕೆಲವು ವಚನಗಳೂ ಇದನ್ನು ಹೇಳುತ್ತವೆ. ‘ಕೂಗಲಾದ’ ಎಂದರೆ ಯಾವಾಗ? ಕತ್ತಿ ಹಾಯುವ ಗಳಿಗೆಯಲ್ಲೋ, ತಿಂಗಳ ಹಿಂದೆ ‘ಇದು ಪೀರರ ಕುರಿ’ ಎಂದು ಹಟ್ಟಿಯಲ್ಲಿ ಗುರುತು ಮಾಡಿದಾಗಲೋ?

ಔರಂಗಜೇಬನ ಗುರುಗಳಲ್ಲಿ ಒಬ್ಬರೆಂದು ಹೆಸರಾದ ಮುಲ್ಲಾ ಜೀವನ್ ಕುರಾನಿನ ಕಾನೂನು ವಚನಗಳಿಗೆ ಬರೆದ ವ್ಯಾಖ್ಯಾನದಲ್ಲಿ ಮೊದಲ ಅರ್ಥವನ್ನು ಹಿಡಿದರು. ತಮ್ಮ ಕಾಲದಲ್ಲಿ ಪುಣ್ಯಪುರುಷರ ಹೆಸರಿಗೆ ಬಿಡುವ ಹಸು ಹಲಾಲ್, ಏಕೆಂದರೆ ಕೊಯ್ಯುವಾಗ ಹೇಳುವುದು ಅಲ್ಲಾಹನ ಹೆಸರನ್ನೇ ಎಂಬುದು ಅವರ ನಿಲುವು. ಇದಾಗಿ ನೂರು ವರ್ಷದ ಈಚೆಗೆ ದೆಹಲಿಯ ಶಾಹ್ ಅಬ್ದುಲ್ ಅಜೀಜ್ ಎರಡನೆಯ ಅರ್ಥ ಹಿಡಿದರು. ಅವರು ತೀರಿಕೊಂಡದ್ದು 1824ರಲ್ಲಿ. ಪ್ರಾಣಿಯ ಜೀವವನ್ನೇ ಬೇರೊಬ್ಬರಿಗೆ ಒಪ್ಪಿಸುವ ಉದ್ದೇಶದಿಂದ ಮೀಸಲಿಟ್ಟಿದ್ದರೆ ಕೊನೆಗಳಿಗೆಯ ಬಿಸ್ಮಿಲ್ಲಾ ಅದನ್ನು ಶುದ್ಧಮಾಡದು ಎಂದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬರೇಲಿಯ ಅಹ್ಮದ್ ರಜಾ ಖಾನ್ ಈ ಒಂದೇ ವಿಷಯಕ್ಕೆ ಪುಸ್ತಿಕೆ ಬರೆದು, ಕೊಯ್ಯುವ ಗಳಿಗೆಯ ಹೆಸರೇ ನಿರ್ಣಾಯಕ ಎಂದು ವಾದಿಸಿದರು. ದೇವಬಂದಿನ ಅಶ್ರಫ್ ಅಲಿ ಥಾನವಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೆಂಗಸರಿಗಾಗಿ ಬರೆದ ‘ಬಹಿಶ್ತೀ ಜೇವರ್’ ಇಂಥ ರೂಢಿಗಳನ್ನು ಪಟ್ಟಿಮಾಡಿ ಬಿಡಿಸಲು ಹೊರಟಿತು. ಮದುವೆಯ ಉಡುಗೊರೆಯಾಗಿ ಮನೆಮನೆಗೆ ಹೋದ ಪುಸ್ತಕ ಅದು. ಅಜ್ಜಿ ಮತ್ತು ಮೊಮ್ಮಗನ ಜಗಳದಲ್ಲಿ ಮೊಮ್ಮಗನ ಕೈಗೆ ಸಿಕ್ಕ ವಾದಗಳಲ್ಲಿ ಬಹಳಷ್ಟು ಈ ಸಾಲಿನಿಂದ ಬಂದವು. ಅವು ಹೊಸವಲ್ಲ, ಆದರೆ ಅಚ್ಚಿನ ಮೂಲಕ ಹಳ್ಳಿಯವರೆಗೆ ಬಂದದ್ದು ಹೊಸದು.

ಹೈದರಾಬಾದು ಈ ವಾದದಲ್ಲಿ ತನ್ನದೇ ಜಾಗ ಹಿಡಿಯಿತು. 1870ರ ದಶಕದಲ್ಲಿ ಜಾಮಿಯಾ ನಿಜಾಮಿಯಾ ಎಂಬ ವಿದ್ಯಾಕೇಂದ್ರ ಕಟ್ಟಿದ ಅನ್ವಾರುಲ್ಲಾ ಫಾರೂಖಿ ನಾಂದೇಡ್ ಸೀಮೆಯವರು, ಕಟ್ಟಾ ಹನಫಿ, ಜೊತೆಗೆ ಸೂಫಿ ಮಾರ್ಗದವರು. ಪುಣ್ಯಪುರುಷರ ಗೌರವವನ್ನು ಬಿಡದೆ ಶಾಸ್ತ್ರ ಹೇಳುವ ಪರಂಪರೆ ಅಲ್ಲಿ ಬೆಳೆಯಿತು. ಅವರಿಗೆ ಮೆಕ್ಕಾದಲ್ಲಿ ಗುರುವಾಗಿದ್ದವರು ಹಾಜಿ ಇಮ್ದಾದುಲ್ಲಾ. ದೇವಬಂದಿನ ಸ್ಥಾಪಕರಿಗೂ ಥಾನವಿಯವರಿಗೂ ಗುರು ಅವರೇ. ಫಾತಿಹಾ, ಉರುಸುಗಳಂಥ ಏಳು ವಿಷಯಗಳ ಮೇಲೆ ಶಿಷ್ಯರು ಕಚ್ಚಾಡುವುದನ್ನು ಕಂಡು ಅವರ ಹೆಸರಿನಲ್ಲಿ ಒಂದು ರಾಜಿಯ ಪುಸ್ತಿಕೆಯೇ ಬಂತು. ಒಂದೇ ಗುರುವಿನ ಎರಡು ದಂಡೆಯ ಶಿಷ್ಯರು ಇಂದಿಗೂ ಅದನ್ನು ತಮತಮಗೆ ಬೇಕಾದಂತೆ ಓದುತ್ತಾರೆ.

ಇಲ್ಲಿ ಹಿಂದೂ ಕುಟುಂಬದ ಕಂದೂರಿಯ ಪ್ರಶ್ನೆಯೂ ಬರುತ್ತದೆ. ಹನಫಿ ಶಾಸ್ತ್ರದ ಪ್ರಕಾರ ನಜ್ರ್ ಸಿಂಧುವಾಗಲು ಹೊತ್ತವನು ಮುಸ್ಲಿಮನಾಗಿರಬೇಕು. ಹಾಗಾಗಿ ಹಿಂದೂವಿನ ಕಂದೂರಿ ಶಾಸ್ತ್ರದ ಕಣ್ಣಿಗೆ ಹರಕೆಯೇ ಅಲ್ಲ, ಒಂದು ಔತಣ. ಕುರಿ ಕೊಯ್ದ ಕೈ ಮಾತ್ರ ಮುಲ್ಲಾನದು. ಇದಕ್ಕೂ ಇತಿಹಾಸವಿದೆ. ದಕ್ಖನ್ನಿನ ಹಳ್ಳಿಗಳಲ್ಲಿ ಬಡಿಗ, ಕಂಬಾರ, ಕುಂಬಾರರ ಜೊತೆ ಮುಲ್ಲಾನೂ ಊರಿನ ಆಯದಲ್ಲಿ ಪಾಲು ಪಡೆಯುತ್ತಿದ್ದ ಉದಾಹರಣೆಗಳು ಉಂಟು. ಊರವರ ಕುರಿ ಕೊಯ್ದುಕೊಡುವುದು ಅವನ ಕೆಲಸಗಳಲ್ಲಿ ಒಂದು. ಕಾಳು ಕೊಟ್ಟವರಲ್ಲಿ ಹೆಚ್ಚಿನವರು ಹಿಂದೂಗಳು. ಮುಸ್ಲಿಂ ಸ್ನೇಹಿತ ತಟ್ಟೆ ಮುಟ್ಟದೆ ಕೂತಾಗ ಹಿಂದೂ ಮನೆಯವರಿಗೆ ಆಗುವ ನೋವಿನ ಕಾರಣ ಇದೇ: ‘ನಿಮ್ಮವರೇ ಕೊಯ್ದದ್ದು, ನಿಮ್ಮ ದೇವರ ಹೆಸರನ್ನೇ ಹೇಳಿದ್ದು, ಮತ್ತೇಕೆ ಬೇಡ?’ ಮುಲ್ಲಾ ಜೀವನರ ಓದಿನ ಪ್ರಕಾರ ಈ ಪ್ರಶ್ನೆಗೆ ಉತ್ತರವಿಲ್ಲ, ಉಣ್ಣಬಹುದು. ಶಾಹ್ ಅಬ್ದುಲ್ ಅಜೀಜರ ಓದಿನ ಪ್ರಕಾರ ಮೊದಲು ಹಟ್ಟಿಗೆ ಹೋಗಿ ಕುರಿಯನ್ನು ಯಾರ ಹೆಸರಿಗೆ ಬಿಟ್ಟಿದ್ದಿರಿ ಎಂದು ಕೇಳಬೇಕು.

ಉಂಡವರು ಯಾರು?

ಮೂರನೆಯ ಪ್ರಶ್ನೆಗೆ ಬಂದಾಗ ವಾದದ ಮುಖವೇ ಬದಲಾಗುತ್ತದೆ. ಹನಫಿ ಶಾಸ್ತ್ರದಲ್ಲಿ ಹರಕೆಯ ಊಟ ಬಡವರದು. ಹೊತ್ತವನು ಅದನ್ನು ಉಣ್ಣುವಂತಿಲ್ಲ. ಅವನ ತಂದೆತಾಯಿ, ಮಕ್ಕಳು ಉಣ್ಣುವಂತಿಲ್ಲ. ಉಳ್ಳವರೂ ಉಣ್ಣುವಂತಿಲ್ಲ. ಬಕ್ರೀದಿನ ಕುರ್ಬಾನಿಯ ಮಾಂಸವನ್ನು ಮನೆಯವರು ಉಣ್ಣಬಹುದು, ಬಂಧುಗಳಿಗೆ ಹಂಚಬಹುದು. ಮಗು ಹುಟ್ಟಿದ್ದಕ್ಕೆ ಕೃತಜ್ಞತೆಯಾಗಿ ಮಾಡುವ ಅಕೀಕಾದ ಮಾಂಸವೂ ಹಾಗೆಯೇ. ಆದರೆ ಹರಕೆಯದು ಬೇರೆ, ಮಾತು ಕೊಟ್ಟ ಕ್ಷಣದಿಂದ ಅದು ಬಡವನ ಸೊತ್ತು. ಮೇಲೆ ಹೇಳಿದ ಆಲಂಗೀರಿಯ ತೀರ್ಪು ಕೂಡ ಗೋರಿಯ ಬಳಿಯ ಹರಕೆಯನ್ನು ಒಪ್ಪುವುದು ಅದರಿಂದ ಬಡವರಿಗೆ ಉಪಯೋಗವಾಗುತ್ತದೆ ಎಂಬ ಕಾರಣಕ್ಕೆ. ಉಳ್ಳವರು ಅದನ್ನು ತಿನ್ನುವುದಕ್ಕೆ ಅಲ್ಲಿ ಆಸ್ಪದವಿಲ್ಲ.

ಕಂದೂರಿಯ ದಿನ ದರ್ಗಾದ ಸುತ್ತ ನೋಡಿದರೆ ಈ ನಿಯಮ ಎಷ್ಟು ದೂರ ಎಂಬುದು ಗೊತ್ತಾಗುತ್ತದೆ. ಹರಕೆ ಹೊತ್ತ ತಾಯಿ ಮೊದಲ ತುತ್ತನ್ನು ಗುಣವಾದ ಮಗುವಿನ ಬಾಯಿಗೇ ಇಡುತ್ತಾಳೆ. ಬೀಗರಿಗೆ ಒಳ್ಳೆಯ ತುಂಡು. ಕೆಲವರಿಗಂತೂ ಕಂದೂರಿ ಎಂದರೆ ಅಂತಸ್ತು ತೋರಿಸುವ ಸಮಯ, ಎಷ್ಟು ಕುರಿ, ಎಷ್ಟು ಎಲೆ ಎಂಬ ಲೆಕ್ಕ. ಶಾಸ್ತ್ರದ ಪಕ್ಕಾ ಅರ್ಥದ ಹರಕೆಯಾದರೆ ಇದೆಲ್ಲ ತಪ್ಪು. ರೂಢಿಯ ಕಾಣಿಕೆಯಾದರೆ ಎಲ್ಲರೂ ಉಣ್ಣಬಹುದು. ಹಾಗಾಗಿ ಕಂದೂರಿಯ ಪರ ವಹಿಸುವವರು ‘ಇದು ಶಾಸ್ತ್ರದ ನಜ್ರ್ ಅಲ್ಲ’ ಎಂದಾಗ ಪೀರರ ಗೌರವದ ಜೊತೆಗೆ ಒಟ್ಟಿಗೆ ಕೂತು ಉಣ್ಣುವುದನ್ನೂ ಉಳಿಸುತ್ತಿರುತ್ತಾರೆ. ವಿರೋಧಿಸುವವರು ಶಿರ್ಕ್ ಎಂಬ ದೊಡ್ಡ ಮಾತನ್ನು ಎತ್ತಿದಷ್ಟು ಬಡವನ ಪಾಲನ್ನು ಎತ್ತುವುದಿಲ್ಲ. ಎತ್ತಿದ್ದರೆ ಅಜ್ಜಿ ಬಹುಶಃ ಒಪ್ಪುತ್ತಿದ್ದಳು. ಫಕೀರರ ಪಾಲನ್ನು ಮೊದಲೇ ತೆಗೆದಿಡುವವಳು ಅವಳೇ.

ನೆರೆಯವರ ವಿಷಯದಲ್ಲಿ ಶಾಸ್ತ್ರ ಇನ್ನೂ ಸ್ಪಷ್ಟ. ಪ್ರವಾದಿಯವರ ಒಡನಾಡಿ ಅಬ್ದುಲ್ಲಾ ಇಬ್ನ್ ಅಮ್ರ್ ಮನೆಯಲ್ಲಿ ಕುರಿ ಕೊಯ್ದಾಗ, ಪಕ್ಕದ ಯಹೂದಿಗೆ ಕೊಟ್ಟಿರಾ ಎಂದು ಮತ್ತೆ ಮತ್ತೆ ಕೇಳಿದರೆಂದು ಹದೀಸ್ ಸಂಗ್ರಹಗಳು ದಾಖಲಿಸಿವೆ. ಬೇರೆ ಧರ್ಮದ ನೆರೆಯವನಿಗೆ ಮಾಂಸ ಹಂಚುವುದು ಸಹಿಸಿಕೊಳ್ಳಬೇಕಾದ ರೂಢಿಯಲ್ಲ, ಮಾಡಲೇಬೇಕಾದ ನೆರೆಹೊರೆಯ ಋಣ ಎಂಬ ಧ್ವನಿ ಅಲ್ಲಿದೆ.

ರೂಢಿಗೆ ಶಾಸ್ತ್ರ ಕೊಟ್ಟ ಜಾಗ

‘ರೂಢಿಯೇ ತೀರ್ಪುಗಾರ’ ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಐದು ಮೂಲಸೂತ್ರಗಳಲ್ಲಿ ಒಂದು. ಒಟ್ಟೊಮನ್ ಸಾಮ್ರಾಜ್ಯ 1869ರಿಂದ 1876ರ ನಡುವೆ ಸಿದ್ಧಪಡಿಸಿದ ನಾಗರಿಕ ಸಂಹಿತೆಯ 36ನೇ ಕಲಮು ಅದನ್ನೇ ಹೇಳುತ್ತದೆ. ಸ್ಪಷ್ಟ ವಚನಕ್ಕೆ ವಿರುದ್ಧವಾದ ರೂಢಿಗೆ ಬೆಲೆಯಿಲ್ಲ, ಉಳಿದ ಕಡೆ ಜನರ ಮಾತು, ಕರಾರು, ಪ್ರತಿಜ್ಞೆಗಳನ್ನು ಅವರ ರೂಢಿಯ ಅರ್ಥದಲ್ಲೇ ಓದಬೇಕು. ಹಾಗೆ ನೋಡಿದರೆ ಅಜ್ಜಿಯ ವಾಕ್ಯವನ್ನು ಕನ್ನಡದ ಅರ್ಥದಲ್ಲೇ ಓದಬೇಕೆನ್ನುವುದು ಶಾಸ್ತ್ರದ ಹೊರಗಿನ ಬೇಡಿಕೆಯಲ್ಲ. ಇನ್ನೊಂದು ಕಡೆ, ಧರ್ಮಕ್ಕೆ ಹೊಸದಾಗಿ ಸೇರಿಸಿದ್ದೆಲ್ಲ ದಾರಿತಪ್ಪಿದ್ದು ಎಂಬ ಹದೀಸ್ ಇದೆ. ಹೊಸದರಲ್ಲೂ ಒಳ್ಳೆಯದು ಕೆಟ್ಟದ್ದು ಉಂಟು ಎಂದು 13ನೇ ಶತಮಾನದ ಇಜ್ಜುದ್ದೀನ್ ಇಬ್ನ್ ಅಬ್ದುಸ್ಸಲಾಂ ಅದನ್ನು ಐದು ಬಗೆಯಾಗಿ ವಿಂಗಡಿಸಿದರು.

ಶಾಸ್ತ್ರವೇ ಸೂಚಿಸುವ ಕೃತಜ್ಞತೆಯ ರೂಪದಲ್ಲೂ ಒಮ್ಮತವಿಲ್ಲ. ಸಿಹಿಸುದ್ದಿ ಕೇಳಿದೊಡನೆ ಹಣೆ ನೆಲಕ್ಕಿಡುವ ‘ಸಜ್ದಾ-ಎ-ಶುಕ್ರ್’ ಅನ್ನು ಶಾಫಿ, ಹಂಬಲಿ ಪಂಥಗಳು ಮೆಚ್ಚುತ್ತವೆ. ಇಮಾಂ ಮಾಲಿಕ್ ಅದನ್ನು ಇಷ್ಟಪಡಲಿಲ್ಲ. ಹನಫಿಗಳಲ್ಲಿ ಅಬೂ ಹನೀಫಾ ಹಿಂದೇಟು ಹಾಕಿದರು, ಶಿಷ್ಯರು ಒಪ್ಪಿದರು. ಸರಳವಾಗಿ ತಲೆಬಾಗಿ ವಂದಿಸುವುದರಲ್ಲೇ ಇಷ್ಟು ಚರ್ಚೆಯಿದ್ದರೆ, ಕುರಿ, ಒಲೆ, ಊದು, ಬೀಗರು ಎಲ್ಲ ಸೇರಿದ ಕೃತಜ್ಞತೆಯಲ್ಲಿ ಚರ್ಚೆ ಇಲ್ಲದಿದ್ದರೆ ಆಶ್ಚರ್ಯ.

ಸಮುದ್ರದಾಚೆಯೂ ಇದೇ ಕಥೆ. ಜಾವಾದಲ್ಲಿ 1912ರಲ್ಲಿ ಹುಟ್ಟಿದ ಮುಹಮ್ಮದಿಯಾ ಸಂಘಟನೆ ಇಂಥ ಊಟಗಳನ್ನು ಬಿಡಿಸಲು ಹೊರಟಿತು. 1926ರಲ್ಲಿ ಹುಟ್ಟಿದ ನಹ್ದತುಲ್ ಉಲಮಾ ಅವುಗಳ ಪರ ನಿಂತಿತು. ಎರಡೂ ಕಡೆ ಪಂಡಿತರೇ, ಎರಡೂ ಕಡೆ ಕೋಟ್ಯಂತರ ಜನ. ನೂರು ವರ್ಷವಾದರೂ ಅಲ್ಲಿ ಯಾರೂ ಗೆದ್ದಿಲ್ಲ, ಊಟ ನಿಂತಿಲ್ಲ.

ಭಾರತದಲ್ಲಿ ಈ ಫತ್ವಾಗಳ ಬಲ ಎಷ್ಟು ಎಂಬುದನ್ನು ಸುಪ್ರೀಂ ಕೋರ್ಟು 2014ರ ಜುಲೈಯಲ್ಲಿ ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಹೇಳಿತು: ಫತ್ವಾ ಒಂದು ಅಭಿಪ್ರಾಯ, ಅದನ್ನು ಯಾರ ಮೇಲೂ ಹೇರುವಂತಿಲ್ಲ. ಫತ್ವಾ ಬರೆಯುವ ಮುಫ್ತಿಗಳ ಪರಂಪರೆಯಲ್ಲೂ ಅದು ಕೇಳಿದವನಿಗೆ ಕೊಡುವ ಉತ್ತರವೇ ಹೊರತು ನ್ಯಾಯಾಲಯದ ಆದೇಶವಲ್ಲ. ಆದರೆ ಅಜ್ಜಿ ಮತ್ತು ಮೊಮ್ಮಗನ ನಡುವೆ ಕೋರ್ಟು ಬರುವುದಿಲ್ಲ. ಅಲ್ಲಿರುವುದು ಒಂದು ಪಾತ್ರೆ ಅನ್ನ, ಅದನ್ನು ಮುಟ್ಟುವುದೋ ಬಿಡುವುದೋ ಎಂಬ ತೀರ್ಮಾನ.

ಕರ್ನಾಟಕದ ಸೂಫಿ ಪರಂಪರೆಯ ಬಗ್ಗೆ ರಹಮತ್ ತರೀಕೆರೆಯವರು ಕನ್ನಡದಲ್ಲಿ ಮಾಡಿದ ಕೆಲಸ ಇಂಥ ಆಚರಣೆಗಳನ್ನು ನೋಡುವ ಕಣ್ಣು ಕೊಟ್ಟಿದೆ. ಆದರೂ ಹಬ್ಬ, ಹಾಡು, ಮೆರವಣಿಗೆಗೆ ಸಿಕ್ಕ ಗಮನ ಈ ಊಟದ ಒಳಗಿನ ವಾದಕ್ಕೆ ಸಿಕ್ಕಿಲ್ಲ. ಕಂದೂರಿಯನ್ನು ‘ಸೌಹಾರ್ದ’ ಎಂಬ ಒಂದು ಮಾತಿನಲ್ಲಿ ಹೊಗಳಿ ಮುಗಿಸಿದರೆ, ತಟ್ಟೆ ಮುಟ್ಟದ ಹುಡುಗನ ಆತಂಕ ಅರ್ಥವಾಗುವುದಿಲ್ಲ. ಅವನು ದ್ವೇಷದಿಂದ ಎದ್ದುಹೋದವನಲ್ಲ, ತನ್ನ ದೇವರಿಗೆ ನಿಷ್ಠನಾಗಿರಲು ಹೊರಟವನು. ‘ಅಜ್ಞಾನ’ ಎಂಬ ಒಂದು ಮಾತಿನಲ್ಲಿ ತಳ್ಳಿಹಾಕಿದರೆ ಅಜ್ಜಿಯ ವಾಕ್ಯ ಅರ್ಥವಾಗುವುದಿಲ್ಲ.

ಈ ಜಗಳಕ್ಕೆ ಸಣ್ಣದೊಂದು ದಾರಿ ಶಾಸ್ತ್ರದ ಪುಟದಲ್ಲೇ ಇದೆ, ಅಲ್ಲಲ್ಲಿ ಮುಲ್ಲಾಗಳು ಅದನ್ನು ಹಿಡಿಯುವುದೂ ಉಂಟು. ಕುರಿ ತಂದವರಿಗೆ ಅವರು ಒಂದು ಮಾತು ಹೇಳಿಕೊಡುತ್ತಾರೆ: ಹರಕೆ ಮೇಲಿನವನಿಗೆ, ಅದರ ಪುಣ್ಯ ಪೀರರಿಗೆ, ಊಟ ಹಸಿದವರಿಗೆ. ಕೇಳಿದವರು ಹೂಂ ಎನ್ನುತ್ತಾರೆ. ಮೂರು ಚತುರ್ಥಿಗಳು, ಮೂರು ಪ್ರಶ್ನೆಗಳಿಗೂ ಉತ್ತರ. ಕೈರೋದ ನ್ಯಾಯವಿದ ಬಯಸಿದ್ದೂ ಹೆಚ್ಚುಕಡಿಮೆ ಇದೇ ವಾಕ್ಯ. ಆಮೇಲೆ ಬಟ್ಟೆ ಹಾಸುತ್ತಾರೆ, ಎಲ್ಲರೂ ಕೂರುತ್ತಾರೆ. ಲಿಂಗಂಪಲ್ಲಿಗೆ ಮರಳುವವರು ಉಳಿದ ಸಾರನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹಿಡಿಯುತ್ತಾರೆ, ಬರಲಾಗದ ನೆರೆಯವರಿಗೆ ಕೊಡಬೇಕಲ್ಲ.